ಕೈ ಕೆಳಗೆ

ಮಿಯಾಪುರದ ಮಿಠಾಯಿ ಅಂಗಡಿಯ ಹುಡುಗಿ ಬಿಲ್ಲು ಹರಿದು ನನ್ನ ಕೈಗೆ ಕೊಟ್ಟಳು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಎರಡು ಬೆರಳಗಲದ ಆ ತೆಳು ಕಾಗದ ನನ್ನ ಮುಖದ ಮುಂದೆ ಪಟಪಟ ಅಲುಗಾಡಿತು, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮುದ್ದೆ ಮಾಡಿ ಎಸೆದುಬಿಟ್ಟೆ. ಹುಡುಗಿ ಗಾಬರಿಯಾಗಿ, ಏನಾದರೂ ತಪ್ಪಾಯಿತೇ ಎಂದು ತೆಲುಗಿನಲ್ಲಿ ಕೇಳಿದಳು. ಪಾಪ, ಅವಳದೇನೂ ತಪ್ಪಿಲ್ಲ. ತಪ್ಪು ಯಾರದೆಂದು ಹೇಳಬೇಕಾದರೆ ನಾರಾಯಣಗೂಡದ ನಮ್ಮ ಹಳೆಯ ಬಾಡಿಗೆ ಮನೆಗೆ ಹೋಗಬೇಕು. ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲದ ಮನೆ. ಪುರುಸೊತ್ತಿದ್ದರೆ ನೀವೂ ಬನ್ನಿ. ಕೂರಲು ಜಾಗವಿದೆ, ನನ್ನಲ್ಲಿ ಸಮಾಧಾನ ಮಾತ್ರ ಇಲ್ಲ.

ಅಂಥದೇ ಕಾಗದದ ಪಟ್ಟಿಯನ್ನು ನಾನು ದಿನಾ ಸಂಜೆ ತಂಗಿ ಶೈಲಾಳ ಬಾಯಿಯ ಮುಂದೆ ಹಿಡಿಯುತ್ತಿದ್ದೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. 'ಪ' ಎಂದರೆ ಕಾಗದ ಅಲುಗಬೇಕು, 'ಮ' ಎಂದರೆ ಅಲುಗಬಾರದು. ಎದುರಿಗೊಂದು ಕನ್ನಡಿ. ಒಂದು ಗಂಟೆ ಹೊತ್ತು ಪ, ಪ, ಪ. ಅವಳಿಗೆ ಆರು ವರ್ಷ, ನನಗೆ ಹತ್ತು. ನನಗೋ ಟೀಚರ್ ಆಗುವ ಹುಚ್ಚು; ಸಿಕ್ಕಿದ ವಿದ್ಯಾರ್ಥಿನಿ ಒಬ್ಬಳೇ, ಅವಳೂ ಎದ್ದು ಓಡಿಹೋಗುವಂತಿರಲಿಲ್ಲ.

ಈ ಪಾಠ ಬಂದದ್ದು ಅವಳ ಶಾಲೆಯಿಂದ. ಊರವರು ಅದನ್ನು ಮೂಗರ ಶಾಲೆ ಎನ್ನುತ್ತಿದ್ದರು. ಮೂಗರನ್ನಾಗಿ ಮಾಡುವ ಶಾಲೆ ಎಂದಿದ್ದರೆ ಸರಿಹೋಗುತ್ತಿತ್ತು. ಅಲ್ಲಿನ ದೊಡ್ಡ ಮೇಡಂ ಅಪ್ಪನಿಗೆ ಎರಡು ನಿಯಮ ಹೇಳಿದ್ದರು. ಮಗು ಕೈಸನ್ನೆ ಮಾಡಕೂಡದು, ಕೈಗೆ ರೂಢಿಯಾದರೆ ಬಾಯಿ ಸೋಮಾರಿಯಾಗುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಭಾಷೆ ಆಡಬೇಕು, ಶಾಲೆಯ ತೆಲುಗು. ಅಪ್ಪ ಸೆಕ್ರೆಟೇರಿಯಟ್‌ನಲ್ಲಿ ಗುಮಾಸ್ತರು. ಮೇಲಿನವರ ಮಾತನ್ನು ಪ್ರಶ್ನಿಸಿ ಗೊತ್ತಿಲ್ಲದವರು. ಅಂದೇ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, ಗುಲಬರ್ಗಾದಿಂದ ತಂದ ಕನ್ನಡವನ್ನು ಒಂದೇ ಆದೇಶದಲ್ಲಿ ರದ್ದು ಮಾಡಿದರು.

ಅಜ್ಜಿ ಅಡಿಗೆಮನೆಯಿಂದಲೇ ಕೇಳಿದಳು: "ನನಗ ತೆಲುಗಿನ್ಯಾಗ ಬದನಿಕಾಯಿ ಚೌಕಾಸಿ ಮಾಡೂದು ಅಷ್ಟ ಬರ್ತೈತಿ. ಕೂಸಿನ ಕೂಡ ದಿನಾ ಬದನಿಕಾಯಿ ವ್ಯಾಪಾರ ಮಾಡ್ಲೇನು?"

"ಮೇಡಂ ಭಾಳ ಓದ್ಯಾರ ಬೇ. ಅವರಿಗೆ ಗೊತ್ತಿರ್ತೈತಿ," ಅಂದರು ಅಪ್ಪ.

ಅವರಿಗೆ ಗೊತ್ತಿರಲಿಲ್ಲ. ಇದನ್ನು ಬರೆಯುವಾಗ ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತುತ್ತಿದ್ದೇನೆ. ಕಿವಿ ಕೇಳದ ಮಗುವಿಗೆ ಕನ್ನಡವಾದರೇನು, ತೆಲುಗಾದರೇನು? ಅವಳಿಗೆ ಸಲೀಸಾಗಿ ಬರುತ್ತಿದ್ದ ಮಾತು ಕೈಯಲ್ಲಿತ್ತು, ನಾವು ಅದನ್ನೇ ಕಸಿದೆವು. ಕಸಿಯಲು ಹೇಳಿಕೊಟ್ಟವರಿಗೆ ದಸರೆಗೆ ಹೋಳಿಗೆಯನ್ನೂ ಕೊಟ್ಟು ಬಂದೆವು.

ಅಜ್ಜಿ ಮಾತ್ರ ಆದೇಶ ಪಾಲಿಸಲಿಲ್ಲ. ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಶೈಲಾಳ ಜೊತೆ ಕೈಯಲ್ಲೇ ಹರಟುತ್ತಿದ್ದಳು. ಅಂಗೈ ತಟ್ಟಿದರೆ ರೊಟ್ಟಿ, ನಾಲಿಗೆಗೆ ಬೆರಳು ಮುಟ್ಟಿಸಿದರೆ ಉಪ್ಪು. ಮನೆಮಂದಿಗೂ ಶೈಲಾ ಹೆಸರಿಟ್ಟಿದ್ದಳು: ಮೂಗುತಿ ಮುಟ್ಟಿಕೊಂಡರೆ ಅಮ್ಮ, ಮೂಗಿನ ತುದಿಗೆ ಕನ್ನಡಕ ಇಳಿಸಿದರೆ ಅಪ್ಪ. ನನ್ನ ಹೆಸರೇನೆಂದು ನಾನು ಯಾವತ್ತೂ ಕೇಳಲಿಲ್ಲ. ನಾನು ಕಾವಲಿನವಳು.

ಹೌದು, ಕಾವಲು ನನ್ನ ಕೆಲಸ. ಶೈಲಾಳ ಕೈ ಮೇಲೆದ್ದರೆ ಅದರ ಹಿಂಬದಿಗೆ ಎರಡು ಬೆರಳಿನಿಂದ ಪಟ್ಟೆಂದು ಹೊಡೆದು, ಮೇಡಂ ಗತ್ತಿನಲ್ಲೇ "ಚೇತುಲು ಕಿಂದ" ಎನ್ನುತ್ತಿದ್ದೆ, ಕೈ ಕೆಳಗೆ ಎಂದು. ಅವಳನ್ನು ಶಾಲೆಗೆ ಬಿಟ್ಟು ಕರೆತರುವವಳೂ ನಾನೇ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನೋಡಿದೆ, ಶೈಲಾ ಮತ್ತು ಅವಳ ಶಾಲೆಯ ಐದಾರು ಮಕ್ಕಳು ಕೈಯಲ್ಲಿ ಮಾತಾಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅವಳ ಅಂಥ ನಗೆಯನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಹೋಗಿ ಮೇಡಂಗೆ ಚಾಡಿ ಹೇಳಿದೆ. ಅವರು ನನ್ನ ಕೆನ್ನೆ ತಟ್ಟಿ ಜಾಣೆ ಎಂದರು. ಶೈಲಾಳ ಜಡೆಯ ರಿಬ್ಬನ್ ಬಿಚ್ಚಿ, ಅದರಿಂದಲೇ ಅವಳ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಸಂಜೆಯವರೆಗೆ ಕೂಡಿಸಿದರು. ಆ ರಿಬ್ಬನ್ನನ್ನು ಬೆಳಿಗ್ಗೆ ಜಡೆಗೆ ಕಟ್ಟಿದ್ದು ನಾನು.

ಶೈಲಾಳಿಗೆ ಹನ್ನೆರಡಾದಾಗ, ಒಂದು ಮಧ್ಯಾಹ್ನ, ಬಚ್ಚಲಿನಿಂದ ಬಿಳಿಚಿಕೊಂಡು ನನ್ನ ಹತ್ತಿರ ಬಂದಳು. ನಾನು ಪರೀಕ್ಷೆಗೆ ಓದುತ್ತಿದ್ದೆ. ಕಣ್ಣಂಚಿನಲ್ಲಿ ಅವಳ ಎರಡೂ ಕೈ ಹೊಟ್ಟೆ, ಲಂಗ ಎಂದು ಏನೇನೋ ಹೇಳುತ್ತಿದ್ದುದು ಕಂಡಿತು. ಪುಸ್ತಕದಿಂದ ತಲೆಯೆತ್ತದೆ ಪಟ್ಟೆಂದು ಹೊಡೆದೆ. ಬಾಯಿ ತೋರಿಸಿ, ಇದರಿಂದ ಹೇಳು ಎಂದೆ. ಅವಳು ಬಾಯಿ ತೆರೆದಳು. "ಪ," ಎಂದಳು. "ಪ, ಪ." ಆರು ವರ್ಷ ಕಲಿಸಿದ್ದಕ್ಕೆ ಆ ಹೊತ್ತಿಗೆ ಅವಳಿಗೆ ಒದಗಿದ್ದು ಅಷ್ಟೇ.

ಅಜ್ಜಿ ಬಂದು ಲಂಗದ ಮೇಲಿನ ರಕ್ತ ನೋಡಿದಳು. ಮಗುವನ್ನು ಒಳಗೆ ಕರೆದೊಯ್ದು ಪಕ್ಕದಲ್ಲಿ ಕೂಡಿಸಿಕೊಂಡು, ಇದು ನನಗೂ ಆಗಿತ್ತು, ನಿನ್ನ ಅಮ್ಮನಿಗೂ ಆಯಿತು, ಅಕ್ಕನಿಗೂ ಆಯಿತು ಎಂದು ಕೈಯಲ್ಲೇ ತಿಳಿಸಿ ಹೇಳಿದಳು. ಆಮೇಲೆ ನನ್ನ ಹತ್ತಿರ ಬಂದಳು. "ಹೊಡಿಯೂದೊಂದ ಕಲ್ತೀ ಏನ್ ನೀನು? ಕೂಸು ತಾನು ಸಾಯಾಕತ್ತೀನಿ ಅಂತ ತಿಳ್ಕೊಂಡಿತ್ತು."

ಆಗಿನ ಕಾಲ ಹಾಗಿತ್ತು, ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದು ಎಂದು ನನ್ನನ್ನು ಸಂತೈಸುವವರಿದ್ದಾರೆ. ಆ ಸಾಂತ್ವನ ಕೇಳಿದರೆ ಮೈ ಉರಿಯುತ್ತದೆ. ರಿಬ್ಬನ್ನಿನ ಗಂಟು ಹಾಕಿದ್ದು ಕಾಲವಲ್ಲ.

ಶೈಲಾ ತನ್ನ ಮಾತನ್ನು ಆ ಬಸ್ ಸ್ಟಾಪಿನ ಗೆಳೆಯರಿಂದಲೇ ಕಲಿತಳು, ಅವರಲ್ಲೊಬ್ಬನನ್ನು ಮದುವೆಯಾದಳು. ಸಿಕಂದರಾಬಾದಿನಲ್ಲಿ ಗಂಡ ಹೆಂಡತಿ ಹೊಲಿಗೆ ಅಂಗಡಿ ನಡೆಸುತ್ತಾರೆ. ನಾನು ಹೋದರೆ ಅವಳು ನನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ, ಆಗದಿದ್ದರೆ ಚೀಟಿ ಬರೆಯುತ್ತೇನೆ. ಇಷ್ಟು ವರ್ಷವಾದರೂ ಕಷ್ಟಪಡುವವಳು ಅವಳೇ. ನನ್ನ ಕೈ ಸೋಮಾರಿಯಾಗಿಯೇ ಉಳಿಯಿತು.

ಮಿಠಾಯಿ ಡಬ್ಬಿ ಹಿಡಿದು ಇವತ್ತು ಹೋದದ್ದು ಅವಳ ಮನೆಗೇ. ಅವರ ಗೆಳೆಯರು ಕೂಡಿದ್ದರು, ಮನೆತುಂಬ ಕೈಗಳು. ಶೈಲಾಳ ಗಂಡ ನನ್ನನ್ನು ತೋರಿಸಿ ಅವರಿಗೆ ಏನೋ ಹೇಳಿದ. ಎರಡು ಬೆರಳಿನಿಂದ ಇನ್ನೊಂದು ಕೈಯ ಹಿಂಬದಿಗೆ ಒಂದು ಪೆಟ್ಟು. ಪಕ್ಕದಲ್ಲಿದ್ದ ಶೈಲಾಳ ಮಗಳನ್ನು, ಅದೇನು ಎಂದು ಕೇಳಿದೆ. ಅವಳಿಗೆ ಕಿವಿ ಕೇಳುತ್ತದೆ. ಕನ್ನಡವನ್ನು ನಮ್ಮ ಅಮ್ಮನಿಂದ ಕಲಿತಿದ್ದಾಳೆ.

"ಅದು ನಿಮ್ಮ ಹೆಸರು ಮೌಶಿ. ಅವ್ವ ಸಣ್ಣಾಕಿ ಇದ್ದಾಗಿಂದ ನಿಮಗ ಹಂಗ ಅಂತಾಳ."

ಅಂದರೆ ಇಷ್ಟು ವರ್ಷ, ಆ ಮನೆಯಲ್ಲಿ ನನ್ನ ಮಾತು ಬಂದಾಗಲೆಲ್ಲ ಒಂದು ಕೈ ಇನ್ನೊಂದು ಕೈಗೆ ಹೊಡೆದಿದೆ. ಹೋದಾಗಲೆಲ್ಲ ಅಲ್ಲಿ ಕೂತು ಚಹಾ ಕುಡಿದು ಬಂದಿದ್ದೇನೆ.

ಅಷ್ಟರಲ್ಲಿ ತಡವಾಗಿ ಬಂದ ಹೆಂಗಸೊಬ್ಬಳು ನನ್ನನ್ನು ಕಂಡು, ಇವರು ಯಾರು ಎಂದು ಹುಬ್ಬೇರಿಸಿದಳು. ನಾನು ಡಬ್ಬಿ ಕೆಳಗಿಟ್ಟೆ. ಎರಡು ಬೆರಳೆತ್ತಿ ನನ್ನ ಎಡಗೈಯ ಹಿಂಬದಿಗೆ ಮೆಲ್ಲಗೆ ಹೊಡೆದುಕೊಂಡೆ. ನಾನು ಕೈಯಿಂದ ಆಡಿದ ಮೊದಲ ಮಾತು ಅದು.

ಶೈಲಾ ನೋಡುತ್ತಿದ್ದಳು. ನಗಲಿಲ್ಲ, ಅಳಲೂ ಇಲ್ಲ. ಹತ್ತಿರ ಬಂದು ನನ್ನ ಬೆರಳುಗಳನ್ನು ಹಿಡಿದೆತ್ತಿ, ಪೆಟ್ಟು ಇನ್ನೂ ಜೋರಾಗಿ ಬೀಳಬೇಕೆಂದು ಹೊಡೆಸಿ ತೋರಿಸಿಕೊಟ್ಟಳು.