ವರ್ನಾ ಗಾಳಿಯಲ್ಲಿ ಸಿಕ್ಕಿಬಿದ್ದ ಶನಿವಾರ

ವರ್ನಾ ಗೂರ್ಸ್ಕಿಯ ಕೂದಲು ಹುಟ್ಟಿನಿಂದ ಮಾಸಲು ಕಂದು. ತೊಂಬತ್ತೈದನೆಯ ಇಸವಿಯ ಚಳಿಗಾಲದಲ್ಲಿ ಅದು ನೇರಳೆಯಾಯಿತು. ಅವಳು ಆಸೆಪಟ್ಟು ಹಚ್ಚಿಸಿಕೊಂಡ ಬಣ್ಣವಲ್ಲ ಅದು, ಬೊಂಬೆ ಕಂಪನಿಯ ಕರಾರಿನಲ್ಲಿದ್ದದ್ದು. ಕರಾರಿನಲ್ಲಿ ಇನ್ನೂ ಏನೇನೋ ಇತ್ತು. ಹುಬ್ಬು ಕಿತ್ತಿಸಿಕೊಳ್ಳಬೇಕು. ದಪ್ಪವಾಗಬಾರದು. ವೇಷ ಹಾಕಿರುವಾಗ ಬಾಯಿಬಿಟ್ಟು ಮಾತಾಡಬಾರದು. ವೇಷ ಕಳಚಿದ ಮೇಲೂ, ಊರಿನಲ್ಲಿ ಯಾವ ಮಗುವಾದರೂ ಗುರುತು ಹಿಡಿದರೆ ‘ನಾನು ಅವಳಲ್ಲ’ ಅನ್ನಬಾರದು.

ನಾನು ಅವಳ ಬೀದಿಯವಳೇ. ಅಮೆರಿಕದಲ್ಲಿ, ಸರೋವರದ ದಡದ ಈರಿ ಪಟ್ಟಣದ ಪೂರ್ವಭಾಗದಲ್ಲಿ, ನಮ್ಮ ಮನೆಗೂ ಅವರ ಮನೆಗೂ ನಡುವೆ ಎರಡೇ ಮನೆ. ಮಾಲ್‌ನಲ್ಲಿ ಪ್ರೆಟ್ಸೆಲ್ ಅನ್ನುವ ಗಂಟುರೊಟ್ಟಿ ಮಾರುವ ನನ್ನದೊಂದು ಅಂಗಡಿ ಇತ್ತು, ಅದರ ಎದುರಿಗೇ ಅವಳು ಕೆಲಸ ಮಾಡುತ್ತಿದ್ದ ಆಟಿಕೆ ಅಂಗಡಿ. ಹಾಗಾಗಿ ಅವಳಿಗಾದದ್ದರಲ್ಲಿ ಹೆಚ್ಚಿನದೆಲ್ಲ ನನ್ನ ಕಣ್ಣೆದುರಿಗೇ ಆದದ್ದು.

ಆ ವರ್ಷ ದೇಶದ ಹುಡುಗಿಯರಿಗೆಲ್ಲ ಸ್ಕೈಲೆಟ್ ಬೊಂಬೆಯ ಹುಚ್ಚು. ಅಂಗೈಯಗಲದ ಒಂದು ಪೀಠ, ಅದರ ಮೇಲೆ ರೆಕ್ಕೆ ಮಡಚಿಕೊಂಡು ನಿಂತ ಬೊಂಬೆ. ದಾರ ಎಳೆದರೆ ಗಿರ್ರನೆ ತಿರುಗಿ, ರೆಕ್ಕೆ ಬಿಚ್ಚಿ, ಸೂರಿನತ್ತ ಹಾರುತ್ತಿತ್ತು. ಬೊಂಬೆಗಳು ಚೆನ್ನಾಗಿ ಬಿಕರಿಯಾದವೆಂದು ಟೀವಿಯಲ್ಲಿ ಅವುಗಳ ಕಾರ್ಟೂನ್ ಸಹ ಶುರುವಾಯಿತು. ಪ್ರತಿ ಶನಿವಾರ ಬೆಳಿಗ್ಗೆ, ಮೋಡದ ಮೇಲಿನ ಅರಮನೆಯಲ್ಲಿ ಐವರು ಅಕ್ಕತಂಗಿಯರು. ಹಿರಿಯಕ್ಕನ ಹೆಸರು ಆರೇಲಿಯಾ, ಕೂದಲು ನೇರಳೆ.

ವರ್ನಾ ಮೊದಲು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿದ್ದವಳು. ಅದಕ್ಕೂ ಮುಂಚೆ, ಇಪ್ಪತ್ತರ ವಯಸ್ಸಿನಲ್ಲಿ, ಮಂಜುಗಡ್ಡೆಯ ಮೇಲೆ ಜಾರಿ ಕುಣಿಯುವ ತಂಡವೊಂದರ ಜೊತೆ ಊರೂರು ಸುತ್ತಿದ್ದಳು. ಅವಳ ತಾಯಿ ಹೆಲ್ಕಾಗೆ ಪಾರ್ಶ್ವವಾಯು ಬಡಿದಾಗ ಮರಳಿ ಬಂದವಳು ಮತ್ತೆ ಹೋಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಆಟಿಕೆ ಅಂಗಡಿ ಸೇರಿದಳು. ಒಂದು ದಿನ ಬೊಂಬೆ ಕಂಪನಿಯ ಪ್ರಚಾರದ ಮನುಷ್ಯ, ಟ್ರಾಟ್‌ಮನ್ ಅನ್ನುವವನು, ಅಂಗಡಿಗೆ ಬಂದ. ಕುಳ್ಳಗೆ, ತೆಳ್ಳಗೆ, ನಿಂತಲ್ಲೇ ಬುಗುರಿಯ ಹಾಗೆ ತಿರುಗಬಲ್ಲ ಹೆಂಗಸೊಬ್ಬಳು ಅಲ್ಲಿ ಡಬ್ಬಿ ಜೋಡಿಸುತ್ತಿರುವುದನ್ನು ನೋಡಿ ಅವನಿಗೆ ನಿಧಿ ಸಿಕ್ಕಷ್ಟು ಖುಷಿಯಾಯಿತು. ಆರೇಲಿಯಾಳ ವೇಷ ಹಾಕಲು ಅವಳಿಂದ ಕರಾರಿಗೆ ಸಹಿ ಹಾಕಿಸಿಕೊಂಡ.

ಮಾಲ್‌ನ ನಡುವೆ ಎರಡು ಅಂತಸ್ತಿನೆತ್ತರ ಬಯಲು ಜಾಗ, ಮೇಲೆ ಗಾಜಿನ ಮಾಡು. ಆ ಮಾಡಿನಿಂದ ಉಕ್ಕಿನ ತಂತಿ ಇಳಿಬಿಟ್ಟು, ವರ್ನಾಳ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಮೋಟಾರಿನಿಂದ ಎತ್ತುತ್ತಿದ್ದರು. ಮೇಲೇರುವಾಗ ಅವಳು ಗಿರಗಿರನೆ ತಿರುಗಬೇಕು. ಸ್ಪೀಕರ್ ಪೆಟ್ಟಿಗೆಯಿಂದ ಟೀವಿಯ ಆರೇಲಿಯಾಳ ದನಿ ಬರುತ್ತಿತ್ತು: “ಬನ್ನಿ ತಂಗಿಯರೇ, ಗಾಳಿಗೆ ಭಯವಿಲ್ಲ!” ವರ್ನಾ ತುಟಿ ಆಡಿಸಬೇಕು, ಅಷ್ಟೇ. ಮೊದಲ ಬಾರಿ ಇಳಿದು ಬಂದಾಗ ಅವಳ ಮುಖ ಹೊಳೆಯುತ್ತಿತ್ತು.

“ಯೊಲಾಂಡಾ, ಏನ್ ಮಜಾ ಇದೆ ಗೊತ್ತಾ? ಮೇಲಿಂದ ನಿನ್ನ ಅಂಗಡಿ ಬಿಸ್ಕತ್ ಡಬ್ಬಿ ಥರ ಕಾಣುತ್ತೆ” ಅಂದಿದ್ದಳು ನನ್ನ ಬಳಿ ಬಂದು.

“ಹಾಗಾದ್ರೆ ಮೇಲೇ ಇದ್ಬಿಡು” ಅಂದಿದ್ದೆ ನಾನು, ತಮಾಷೆಗೆ.

ಕೆಲವೇ ತಿಂಗಳಲ್ಲಿ ಆ ಮಜಾ ಇಳಿಯಿತು. ದಿನಸಿ ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದರೆ ಮಕ್ಕಳು ಬಂದು ಲಂಗ ಹಿಡಿದು ಜಗ್ಗುತ್ತಿದ್ದವು. ಚರ್ಚಿನಲ್ಲಿ ಮುಂದಿನ ಸಾಲಿನ ಹುಡುಗಿಯರು ಪಾದ್ರಿಗೆ ಬೆನ್ನು ತಿರುಗಿಸಿ ಅವಳನ್ನೇ ನೋಡುತ್ತ ಕೂರುತ್ತಿದ್ದರು. ಅವಳು ನಗಬೇಕು, ರೆಕ್ಕೆಯ ಹಾಗೆ ಕೈ ಬಿಚ್ಚಬೇಕು. ಒಬ್ಬ ಮೇಸ್ತ್ರಿ ಅವಳ ಹಿಂದೆ ಬಿದ್ದಿದ್ದ, ಒಳ್ಳೆಯವನೇ. ಎರಡು ಸಲ ಊಟಕ್ಕೆ ಕರೆದುಕೊಂಡು ಹೋಗಿ, ಎರಡೂ ಸಲ ಪಕ್ಕದ ಮೇಜಿನ ಮಕ್ಕಳಿಗೆ ಅವಳನ್ನು ಬಿಟ್ಟುಕೊಟ್ಟು ಕೂತಿದ್ದು, ಮೂರನೆಯ ಸಲ ಫೋನ್ ಮಾಡಲಿಲ್ಲ.

“ಬಿಟ್ಟುಬಿಡೇ ಅದನ್ನ” ಅಂದೆ ನಾನು.

“ಬಿಟ್ರೆ ಅಮ್ಮಂಗೆ ಯಾರು ಉಣ್ಸೋದು?” ಅಂದಳು.

ಅದು ಹೀಗೆ. ಹೆಲ್ಕಾಗೆ ಆ ವಸಂತದಲ್ಲಿ ಎರಡನೆಯ ಸಲ ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ನೇರಳೆ ಕೂದಲು. “ಆರೇಲಿಯಾ” ಅಂದಳು, ಮುಖವೆಲ್ಲ ನಗು ಮಾಡಿಕೊಂಡು. ಶನಿವಾರದ ಕಾರ್ಟೂನನ್ನು ಅವಳು ಒಂದೂ ತಪ್ಪಿಸುತ್ತಿರಲಿಲ್ಲ, ಮೊದಲಿಂದಲೂ. ಮನೆಗೆ ಬಂದ ಮೇಲೆ ಮಗಳ ನೆನಪು ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಇಲ್ಲ. ಆದರೆ ಊಟದ ಹೊತ್ತಿಗೆ ಮಾತ್ರ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡುಬಿಡುತ್ತಿದ್ದಳು. ಆಗ ವರ್ನಾ ಗಂಟಲು ಸಣ್ಣ ಮಾಡಿ, ಟೀವಿಯ ಆ ಸಕ್ಕರೆ ದನಿಯಲ್ಲಿ, “ಬನ್ನಿ ಹೆಲ್ಕಾ, ಮೋಡದ ಮೇಲೆ ಊಟ ಮಾಡೋಣ” ಅನ್ನಬೇಕು. ಅಂದರೆ ಸಾಕು, ಬಟ್ಟಲು ಖಾಲಿ.

ನಾನೊಮ್ಮೆ ಅವರ ಅಡುಗೆಮನೆಯಲ್ಲಿ ಕೂತು ಅದನ್ನು ನೋಡಿದೆ. ಚಮಚ ಹಿಡಿದ ವರ್ನಾಳ ದನಿಯಲ್ಲಿ ಹಾಡು ಇತ್ತು, ಕಣ್ಣು ಮಾತ್ರ ಗೋಡೆ ನೋಡುತ್ತಿತ್ತು. ತಾಯಿಗೆ ಬಾಯಿ ಒರೆಸಿ ಮಲಗಿಸಿ ಬಂದು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚಿದಳು.

“ಒಂದ್ ದಿನಾನಾದ್ರೂ ‘ವರ್ನಾ’ ಅಂತ ಕರೆದು ಬೈದ್ರೆ ಸಾಕಿತ್ತು ಕಣೇ. ಬೈಗುಳಕ್ಕೂ ಹೆಸರು ಬೇಕಲ್ಲ” ಅಂದಳು.

ತೊಂಬತ್ತಾರರ ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಮಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಯಲಿನ ನಡುವೆ ಸಾಂತಾ ತಾತನ ಮನೆ ಕಟ್ಟಿದ್ದರು, ಅದರ ಮುಂದೆ ಫೋಟೋ ತೆಗೆಸಿಕೊಳ್ಳುವವರ ಸಾಲು. ವರ್ನಾ ಸರಿಯಾಗಿ ಆ ಮನೆಯ ಮೇಲಕ್ಕೆ ಏರಿದಳು. ತಿರುಗಿದಳು. ರೆಕ್ಕೆ ಬಿಚ್ಚಿತು. ಮಕ್ಕಳು ಚೀರಿದರು. ಇಳಿಯುವ ಹೊತ್ತಿಗೆ ಮಾಡಿನ ಹತ್ತಿರ ಕಟಕ್ ಎಂದು ಸದ್ದಾಗಿ, ಅವಳು ಅಲ್ಲೇ ನಿಂತುಬಿಟ್ಟಳು.

ಮಾಲ್‌ನ ರಿಪೇರಿ ಕೆಲಸದವನು ಬಡ್ ಸ್ಟ್ರೋಬೆಲ್. ಮೇಲೆ ಹತ್ತಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ ಬಂದ.

“ತಂತಿ ಸುರುಳಿ ಒಳಗೆ ಸಿಕ್ಕಾಕ್ಕೊಂಡಿದೆ. ಕರೆಂಟ್ ತೆಗೆದ್ರೆ ಬ್ರೇಕ್ ಹಿಡಿಯುತ್ತೋ ಬಿಡುತ್ತೋ, ನಾನು ಗ್ಯಾರಂಟಿ ಕೊಡಲ್ಲ.”

“ಹಾಗಾದ್ರೆ ತೆಗೀಬೇಡ” ಅಂದ ಟ್ರಾಟ್‌ಮನ್. “ಎಲ್ರೂ ಖುಷಿಯಾಗಿದ್ದಾರೆ. ಅವಳೂ ಆರಾಮಾಗಿದ್ದಾಳೆ.”

ಕರೆಂಟು ತೆಗೆಯುವ ಹಾಗಿಲ್ಲ ಅಂದರೆ ಸ್ಪೀಕರ್ ಪೆಟ್ಟಿಗೆಯೂ ನಿಲ್ಲುವ ಹಾಗಿಲ್ಲ, ಎರಡೂ ಒಂದೇ ಸ್ವಿಚ್ ಹಲಗೆಗೆ ಸೇರಿದ್ದವು. “ಗಾಳಿಗೆ ಭಯವಿಲ್ಲ!” ಮುಗಿದು ಮತ್ತೆ “ಗಾಳಿಗೆ ಭಯವಿಲ್ಲ!” ಏಣಿ ಇಡೋಣವೆಂದರೆ ಕೆಳಗೆ ಸಾಂತಾನ ಮನೆ. ಅದನ್ನು ಬಿಚ್ಚಬೇಕೆಂದ ಬಡ್. ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಸಾಂತಾನ ಮನೆ ಬಿಚ್ಚಿದರೆ ತನ್ನ ಕೆಲಸ ಹೋಗುತ್ತದೆಂದ ಮಾಲ್‌ನ ಮ್ಯಾನೇಜರು. ಅವರು ಅಲ್ಲೇ ನಿಂತು ವಾದಿಸತೊಡಗಿದರು. ಟ್ರಾಟ್‌ಮನ್ ನಡುನಡುವೆ ಮೇಲೆ ನೋಡಿ, ಎರಡು ಬೆರಳಿನಿಂದ ತನ್ನ ತುಟಿಯ ಎರಡು ಕೊನೆಗಳನ್ನೂ ಮೇಲಕ್ಕೆತ್ತಿ ತೋರಿಸುತ್ತಿದ್ದ: ನಗು.

ಅವಳು ನಗುತ್ತಲೇ ಇದ್ದಳು.

ನಾನು ಅಂಗಡಿಯನ್ನು ಕೆಲಸದವಳಿಗೆ ಬಿಟ್ಟು ಮೇಲಂತಸ್ತಿಗೆ ಓಡಿದೆ. ಅಲ್ಲಿನ ಕಂಬಿಯ ಹತ್ತಿರ ನಿಂತರೆ ಅವಳು ನನ್ನ ಎದುರಿಗೇ, ಆದರೆ ಕೈಗೆ ಸಿಗದಷ್ಟು ದೂರ. ಮುಖದ ಬಣ್ಣದ ಮೇಲೆ ಬೆವರು ಗೆರೆಯಾಗಿ ಇಳಿದಿತ್ತು. ತುಟಿ ಅಲುಗಿಸದೆ, ನಗುವನ್ನು ಹಾಗೇ ಇಟ್ಟುಕೊಂಡು ಮಾತಾಡಿದಳು.

“ಯೊಲಾಂಡಾ, ನನ್ನ ಕಾಲು ಇದೆಯಾ ನೋಡಿ ಹೇಳು.”

“ಇದೆ ಕಣೇ, ಎರಡೂ ಇದೆ.”

“ಎಡಗಾಲು ಗೊತ್ತಾಗ್ತಿಲ್ಲ. ಪಟ್ಟಿ ಮಾಂಸದೊಳಗೆ ಹೋಗಿದೆ. ಅವ್ರಿಗೆ ಹೇಳು.”

“ಇಳಿಸಿ ಅಂತ ಆಗ್ಲೇ ಹೇಳ್ದೆ. ಸಾಂತಾನ ಮನೆ ಬಿಚ್ಚಲ್ವಂತೆ.”

ನನ್ನ ಪಕ್ಕದಲ್ಲಿ ಕಂಬಿಗೆ ಮೂಗು ತೂರಿಸಿ ಒಂದು ಪುಟ್ಟ ಹುಡುಗಿ ನಿಂತಿತ್ತು, ಕೈಯಲ್ಲಿ ಸ್ಕೈಲೆಟ್ ಬೊಂಬೆ. ಅದು ಹುಬ್ಬು ಗಂಟಿಕ್ಕಿ ಅವಳನ್ನೇ ನೋಡುತ್ತಿತ್ತು.

“ಆರೇಲಿಯಾ ಒಂದು ಹೇಳ್ತಿದ್ದಾಳೆ, ಪೆಟ್ಟಿಗೆ ಇನ್ನೊಂದು ಹೇಳ್ತಿದೆ” ಅಂದಿತು.

ವರ್ನಾ ಅದರ ಕಡೆ ನೋಡಿದಳು. ನಗು ಇಳಿಯಿತು. ಒಂದು ವರ್ಷದಲ್ಲಿ ಆ ವೇಷದೊಳಗಿನ ಮುಖ ಹಾಗೆ ನಗದೆ ಇದ್ದದ್ದನ್ನು ನಾನು ಅವತ್ತೇ ನೋಡಿದ್ದು.

“ನಾನು ಆರೇಲಿಯಾ ಅಲ್ಲ ಪುಟ್ಟಾ. ವರ್ನಾ.”

“ನಿಂಗೆ ಭಯ ಆಗ್ತಿದ್ಯಾ?”

“ಹೂಂ. ತುಂಬಾ. ಅದ್ರ ಜೊತೆಗೆ ಒಂದಕ್ಕೂ ಹೋಗ್ಬೇಕು.”

ಆ ಹುಡುಗಿ ಕಂಬಿಯಿಂದ ಬಗ್ಗಿ, ಮಾಲ್‌ಗೆ ಮಾಲೇ ಕೇಳುವ ಹಾಗೆ ಕೂಗಿತು: “ಅಮ್ಮಾ! ಅವಳಿಗೆ ಒಂದಕ್ಕೆ ಬಂದಿದೆಯಂತೆ! ಕೆಳಗಿಳಿಸ್ಬೇಕಂತೆ!”

ಮೊದಲು ಮಕ್ಕಳು ನಕ್ಕರು. ಆಮೇಲೆ ಅವರ ತಾಯಂದಿರಿಗೆ ಎಚ್ಚರವಾಯಿತು, ಮೇಲೆ ತೂಗುತ್ತಿರುವುದು ಜೀವ ಇರುವ ಹೆಂಗಸು ಎಂದು. ವರ್ನಾ ಕೂಡ ಎದೆ ತುಂಬ ಉಸಿರು ತಗೊಂಡು, ನಮ್ಮ ಪೂರ್ವಬೀದಿಯ ಗಂಟಲಿನಲ್ಲಿ ಅರಚಿದಳು:

“ಇಳಿಸ್ರೋ ನನ್ನ! ಕಾಲು ಸತ್ತೋಗಿದೆ ನಂದು!”

ತಳ್ಳುಗಾಡಿಯಲ್ಲಿ ಕೂಸನ್ನಿಟ್ಟುಕೊಂಡಿದ್ದ ಒಬ್ಬಾಕೆ ಮ್ಯಾನೇಜರ ಎದೆಗೆ ಬೆರಳು ಚುಚ್ಚಿದಳು. “ಆ ರಟ್ಟಿನ ಮನೇನ ನೀನು ಬಿಚ್ತೀಯೋ, ನಾವು ಬಿಚ್ಬೇಕೋ?” ಸಾಂತಾ ವೇಷದವನೇ ಎದ್ದು ಬಂದು ತನ್ನ ಮನೆಯ ಚಾವಣಿಗೆ ಕೈ ಹಾಕಿದ. ಅಷ್ಟರಲ್ಲಿ ಬಡ್ ಯಾರನ್ನೂ ಕೇಳದೆ ಅಗ್ನಿಶಾಮಕದವರನ್ನು ಕರೆಸಿದ್ದ. ಅವರು ಏಣಿ ಹಾಕಿ, ಪಟ್ಟಿ ಕೊಯ್ದು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿದರು. ಮುರಿದ ರೆಕ್ಕೆಯೊಂದು ಮೆಟ್ಟಿಲಿಗೆ ತಗುಲುತ್ತ ಬಂತು. ಟ್ರಾಟ್‌ಮನ್ ಹತ್ತಿರ ಬಂದು, “ಮಕ್ಕಳ ಮುಂದೆ ಹಾಗೆ ಹೇಳ್ಬಾರ್ದಿತ್ತು ಚಿನ್ನಾ” ಅಂದ. ಅವಳ ಬದಲು ಉತ್ತರ ನಾನು ಕೊಟ್ಟೆ, ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎಡತೊಡೆಯ ನರ ಜಜ್ಜಿಹೋಗಿತ್ತು. ಆಸ್ಪತ್ರೆಯಿಂದ ಊರುಗೋಲು ಹಿಡಿದು ಮನೆಗೆ ಬಂದ ದಿನವೇ ಅವಳು ಅಡುಗೆಮನೆಯ ಕತ್ತರಿ ತೆಗೆದುಕೊಂಡು ಕೂದಲನ್ನು ಬುಡದವರೆಗೆ ಕತ್ತರಿಸಿ ಹಾಕಿದಳು. ಹೊಸ ವರ್ಷ ಕಳೆದ ಮೇಲೆ ಟ್ರಾಟ್‌ಮನ್ ಹೂಗುಚ್ಛ ಹಿಡಿದು ಬಂದ. ಕರಾರು ಬೇಸಿಗೆಯವರೆಗೂ ಇದೆ, ಜನ ಅವಳನ್ನೇ ಕೇಳುತ್ತಿದ್ದಾರೆ, ಈ ಸಲ ಹೊಸ ಮೋಟಾರು ತರಿಸುತ್ತೇವೆ ಎಂದೆಲ್ಲ ಶುರುಮಾಡಿದವನು ಆಗಷ್ಟೇ ಅವಳ ತಲೆ ನೋಡಿದ.

“ಪರವಾಗಿಲ್ಲ, ನೇರಳೆ ಕೂದಲಿನ ಟೋಪನ್ ಹಾಕಿದ್ರಾಯ್ತು.”

“ಹಾಕ್ಕೊಳಿ. ನಿಮ್ಗೆ ಚೆನ್ನಾಗೇ ಕಾಣುತ್ತೆ” ಅಂದಳು ವರ್ನಾ. “ಮೇಲೆ ಹೋದಾಗ ನಗೋದು ಮರೀಬೇಡಿ.”

ಅವನು ಮತ್ತೆ ಬರಲಿಲ್ಲ. ಕಂಪನಿಯೂ ಕೋರ್ಟು ಕಚೇರಿ ಅನ್ನಲಿಲ್ಲ. ಮಾಲ್‌ನ ಕಥೆ ಪತ್ರಿಕೆಯಲ್ಲಿ ಇನ್ನೊಂದು ಸಲ ಬರುವುದು ಅವರಿಗೂ ಬೇಡವಾಗಿತ್ತು.

ಅಷ್ಟಕ್ಕೆ ಅವಳಿಗೆ ಬಿಡುಗಡೆಯಾಯಿತೆಂದು ನಾನು ತಿಳಿದಿದ್ದೆ. ಆದರೆ ಮನೆಯಲ್ಲಿ ಹೆಲ್ಕಾ ಇದ್ದಳಲ್ಲ. ಬೋಳುತಲೆಯ, ಊರುಗೋಲಿನ ಹೆಂಗಸು ಚಮಚ ಹಿಡಿದು ಬಂದರೆ ಮುಖ ತಿರುಗಿಸುತ್ತಿದ್ದಳು. “ನೀನ್ಯಾರು? ಆರೇಲಿಯಾನ ಕರಿ.” ವರ್ನಾ ಆ ದನಿ ತೆಗೆಯುವುದಿಲ್ಲವೆಂದು ಶಪಥ ಮಾಡಿದ್ದಳು. ಎರಡು ದಿನ ಮುದುಕಿ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ನಾನು ಹೋಗಿ ಕರೆದೆ, ಪಾದ್ರಿ ಬಂದು ಕರೆದರು, ಊಹೂಂ.

ಮೂರನೆಯ ದಿನ ಮಧ್ಯಾಹ್ನ ನಾನು ಹೋದಾಗ ಮೇಜಿನ ಮೇಲೆ ಬಾರ್ಲಿ ಹಾಕಿದ ಕ್ರುಪ್ನಿಕ್ ಸಾರು ಹಬೆಯಾಡುತ್ತಿತ್ತು. ವರ್ನಾ ಅಳುತ್ತಿರಲಿಲ್ಲ, ಅಳುವಿನಾಚೆ ಹೋಗಿದ್ದಳು.

“ಅಮ್ಮ, ಆರೇಲಿಯಾ ಬರಲ್ಲ. ನಾನೇ ಇರೋದು. ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ನಾನ್ ತಿಂತೀನಿ. ನಂಗೂ ಹೊಟ್ಟೆ ಇದೆ.”

ತಾಯಿಯ ಬಟ್ಟಲು ತನ್ನ ಕಡೆ ಎಳೆದುಕೊಂಡು ನಿಜವಾಗಿಯೂ ತಿನ್ನತೊಡಗಿದಳು. ಸೊರಸೊರ ಸದ್ದು ಮಾಡಿಕೊಂಡು. ಹೆಲ್ಕಾ ನೋಡಿದಳು, ನೋಡಿದಳು, ಆಮೇಲೆ ಚೆನ್ನಾಗಿದ್ದ ಕೈಯಿಂದ ಮಗಳ ಮಣಿಕಟ್ಟಿಗೆ ಫಟ್ಟನೆ ಹೊಡೆದಳು.

“ಹಾಗೆ ತಿನ್ನೋದಾ? ಹಂದಿ ಥರ! ಅದು ನನ್ನ ಬಟ್ಟಲು!”

ವರ್ನಾ ಬಟ್ಟಲನ್ನು ಮರಳಿ ತಳ್ಳಿದಳು. ಮುದುಕಿ ತಾನೇ ಚಮಚ ಹಿಡಿದು, ಅರ್ಧ ಗಲ್ಲಕ್ಕೆ ಸುರಿದುಕೊಳ್ಳುತ್ತ ತಿಂದಳು. ಮಗಳ ಹೆಸರೇನೂ ಹೇಳಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ, ಒಳಗೆ ಹೋಗಲಿಲ್ಲ.

ಅದಾದ ಮೇಲೂ ಎಲ್ಲ ಸರಿಹೋಯಿತು ಅನ್ನುವ ಹಾಗಿಲ್ಲ. ಕೆಲವು ದಿನ ಹೀಗೆ ಜಗಳವಾಡಿಸಿ ಉಣ್ಣಿಸಬೇಕು, ಕೆಲವು ದಿನ ಜಗಳಕ್ಕೂ ಬಗ್ಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅವರ ಕಿಟಕಿಯಿಂದ ಆ ಸಕ್ಕರೆ ದನಿ ನನಗೆ ಕೇಳಿಸುತ್ತಿತ್ತು. ನಾನು ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ಕಾರ್ಟೂನ್ ಒಂದೇ ವರ್ಷಕ್ಕೆ ನಿಂತಿತು, ಆದರೆ ಹೆಲ್ಕಾಗಾಗಿ ಯಾರೋ ಅದನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಟ್ಟಿದ್ದರು. ಕೆಲವು ವರ್ಷಗಳ ಮೇಲೆ ಬೊಂಬೆಗಳನ್ನೂ ಕಂಪನಿ ವಾಪಸು ಕರೆಸಿಕೊಂಡಿತು, ಹಾರಿ ಬಂದು ಮಕ್ಕಳ ಕಣ್ಣಿಗೆ ಹಲ್ಲಿಗೆ ಬಡಿಯುತ್ತಿದ್ದವೆಂದು. ಅಷ್ಟು ಹೊತ್ತಿಗೆ ಹೆಲ್ಕಾ ತೀರಿಕೊಂಡಾಗಿತ್ತು. ಕೊನೆಯ ವಾರ ಅವಳು ಕರೆದದ್ದು ತನ್ನ ಸತ್ತ ಅಕ್ಕನನ್ನು, ವರ್ನಾಳನ್ನೂ ಅಲ್ಲ, ಆರೇಲಿಯಾಳನ್ನೂ ಅಲ್ಲ.

ವರ್ನಾಗೆ ಆಗ ಮೂವತ್ತೆರಡು. ಎಲ್ಲಿಗಾದರೂ ಹೊರಟುಹೋಗುತ್ತಾಳೆ ಅಂದುಕೊಂಡಿದ್ದೆವು. ಒಂದು ತಿಂಗಳು ದಕ್ಷಿಣಕ್ಕೆ ಹೋಗಿ ಬಂದಳು, ಅಲ್ಲಿ ಸೆಕೆ ಅಂದಳು. ಆಮೇಲೆ ನಗರಸಭೆಯ ರಸ್ತೆ ಇಲಾಖೆ ಸೇರಿ, ಹಿಮ ತಳ್ಳುವ ದೊಡ್ಡ ಗಾಡಿ ಓಡಿಸುವುದನ್ನು ಕಲಿತಳು. ಸರೋವರದ ಕಡೆಯಿಂದ ಹಿಮ ಸುರಿದ ಬೆಳಗುಗಳಲ್ಲಿ ನಮ್ಮ ಬೀದಿಗೆ ಬರುವುದು ಅವಳೇ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತಾಳೆ. ಮೊನ್ನೆಯೂ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಇಡೀ ಬೀದಿ ಏಳುವ ಹಾಗೆ ಕೂಗಿದಳು.

“ಯೊಲಾಂಡಾ! ಕಾರನ್ನ ರಸ್ತೇಲಿ ಬಿಡ್ಬೇಡ ಅಂತ ಎಷ್ಟ್ ಸಲ ಹೇಳ್ಲಿ ನಿಂಗೆ? ತೆಗಿ, ಇಲ್ಲಾಂದ್ರೆ ಹೂತಾಕ್ತೀನಿ!”

“ಬಾರೇ, ಕಾಫಿ ಇದೆ” ಅಂದೆ.

“ಮೊದ್ಲು ಕಾರು” ಅಂದಳು.

ನಾನು ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಕಾರು ತೆಗೆಯಲು ಹೋದೆ.