ಅವಳ ತಟ್ಟೆಯ ಮಿಡಿತ

ಮೊನ್ನೆ ಬೆಳಿಗ್ಗೆ ದೋಸೆಯ ಮೇಲೆ ಹಾಕಲೆಂದು ನಾಟಿ ಮೊಟ್ಟೆಯೊಂದನ್ನು ಬಟ್ಟಲಿಗೆ ಒಡೆದೆ. ಹಳದಿಯ ಮೇಲೆ ಕೆಂಪು ನೂಲಿನ ಬಲೆ ಹರಡಿತ್ತು. ನಡುವೆ ಸಾಸಿವೆಗಿಂತ ಚಿಕ್ಕ ಚುಕ್ಕೆಯೊಂದು ಮಿಡಿಯುತ್ತಿತ್ತು. ಕಾವಿಗೆ ಕೂತ ಕೋಳಿಯ ಕೆಳಗಿನ ಮೊಟ್ಟೆ ಹೇಗೋ ಮಾರುವ ಬುಟ್ಟಿಗೆ ಸೇರಿಬಿಟ್ಟಿತ್ತು. ಎಸೆಯಲು ಕೈ ಬರಲಿಲ್ಲ. ಅಮ್ಮ ಹಿಂದಿನಿಂದ ಬಗ್ಗಿ ನೋಡಿದಳು.

"ನಿನ್ನ ರಾಯಕೋಟೆ ಹುಡುಗಿ ಇದ್ದಿದ್ರೆ ಇದ್ನ ನೋಡಿ ಕುಣಿದಾಡ್ಬುಡೋಳು ಕಣೆ."

ಸತ್ತು ಎಷ್ಟೋ ವರ್ಷವಾದವಳ ಮೇಲೆ ಹೊಟ್ಟೆಕಿಚ್ಚು ಪಡಬಹುದೇ? ಪಟ್ಟೆ.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ಅವಳು ಲ್ಯಾಬಿನಲ್ಲಿ ನನ್ನ ಜೊತೆಗಾತಿ. ಇಬ್ಬರಿಗೂ ಒಂದೇ ಮೇಜು, ಹೊಸೂರಿನಿಂದ ಒಂದೇ ಬಸ್ಸು. ನಾನು ಹೊಸೂರಿನ ಪಕ್ಕದ ಮತ್ತಿಗಿರಿಯವಳು, ಅಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಬಂದು ನೆಲೆಸಿದವರು. ಅವಳದು ರಾಯಕೋಟೆ ಹತ್ತಿರದ ಬೇಸಾಯದ ಮನೆ. ಕಂಡಕ್ಟರನ ಜೊತೆ ತಮಿಳು, ನಮ್ಮ ಪಕ್ಕದ ಮನೆಯವರ ಜೊತೆ ತೆಲುಗು, ನಮ್ಮಮ್ಮನ ಜೊತೆ ಕನ್ನಡ. ಮಿಕ್ಕವರ ತಾಯಂದಿರನ್ನು ಆಂಟಿ ಎನ್ನುತ್ತಿದ್ದವಳು ನನ್ನಮ್ಮನನ್ನು ಮಾತ್ರ 'ಅಮ್ಮಾ' ಎನ್ನುತ್ತಿದ್ದಳು. ಅಥವಾ ಎಲ್ಲರನ್ನೂ ಹಾಗೇ ಕರೆಯುತ್ತಿದ್ದಳೋ ಏನೋ… ನನಗೆ ನೆನಪಿರುವುದು ನಮ್ಮ ಮನೆಯದಷ್ಟೇ.

ಆ ವರ್ಷ ನಮ್ಮ ಮೇಡಂ ಸಂಶೋಧನೆಗೆಂದು ಒಬ್ಬರನ್ನು ಮಾತ್ರ ಲ್ಯಾಬಿನಲ್ಲಿ ಉಳಿಸಿಕೊಳ್ಳುವವರಿದ್ದರು. ಆ ಜಾಗ ನನಗೆ ಬೇಕಿತ್ತು. ಬೇಕಿತ್ತು ಎಂದರೆ ಕಡಿಮೆಯಾಯಿತು.

ಕೋಳಿ ಭ್ರೂಣದ ಹೃದಯವನ್ನು ಬಿಡಿ ಕೋಶಗಳಾಗಿಸಿ ಲ್ಯಾಬಿನ ಪುಟ್ಟ ತಟ್ಟೆಯಲ್ಲಿ ಬೆಳೆಸುವುದು ನಮ್ಮ ಕೆಲಸ. ಮೊಟ್ಟೆಗಳು ಅವಳ ಮನೆಯಿಂದಲೇ, ಹೊಟ್ಟು ತುಂಬಿದ ಟಿಫಿನ್ ಡಬ್ಬಿಯಲ್ಲಿ ಬರುತ್ತಿದ್ದವು. ಹೃದಯದ ಕೋಶ ಬಿಡಿಯಾದ ಮೇಲೂ ಮಿಡಿಯುತ್ತದೆ; ಆದರೆ ಒಂದು ಬೇಗ, ಒಂದು ನಿಧಾನ, ತನ್ನ ಪಾಡಿಗೆ ತಾನು. ಮೈಗೆ ಮೈ ತಾಗಿದರೆ ಮಾತ್ರ ಅವುಗಳ ನಡುವೆ ಸಣ್ಣ ಕಾಲುವೆಗಳು ಏಳುತ್ತವೆ. ಕಾಲುವೆಯ ಅರ್ಧವನ್ನು ಒಂದು ಕೋಶ ಕಟ್ಟಬೇಕು, ಇನ್ನರ್ಧವನ್ನು ಪಕ್ಕದ್ದು. ಅದರೊಳಗೆ ವಿದ್ಯುದಾವೇಶದ ಕಣಗಳು ಹಾದು, ಒಂದರ ಮಿಡಿತ ಇನ್ನೊಂದಕ್ಕೆ ಮುಟ್ಟಿ, ತಟ್ಟೆಗೆ ತಟ್ಟೆಯೇ ಒಂದು ತಾಳಕ್ಕೆ ಬರುತ್ತದೆ. ಹೆರಿಗೆ ಹತ್ತಿರವಾದಾಗ ಗರ್ಭಕೋಶದಲ್ಲೂ ಇಂಥ ಕಾಲುವೆಗಳು ಹೆಚ್ಚುತ್ತವೆ, ಅದು ಒಟ್ಟಿಗೆ ಬಿಗಿಯಲೆಂದು. ಇದೆಲ್ಲ ಅವಳಿಗಿಂತ ಚೆನ್ನಾಗಿ ನನ್ನ ಬಾಯಿಗೆ ಬರುತ್ತಿತ್ತು.

ಆದರೆ ಒಂದೊಂದು ಕೋಶವೂ ಸ್ಪಷ್ಟವಾಗಿ ಕಾಣಲೆಂದು ನಾನು ಅವನ್ನು ತೆಳ್ಳಗೆ ಹರಡಿದ್ದೆ. ನನ್ನವು ಅಲ್ಲೊಂದು ಇಲ್ಲೊಂದು ತಮಗೆ ತೋಚಿದಂತೆ ಮಿಡಿಯುತ್ತಿದ್ದವು. ಅವಳ ತಟ್ಟೆ ಗಿಜಿಗಿಜಿ, ನೋಡಲು ಒಂದಿಷ್ಟೂ ಅಚ್ಚುಕಟ್ಟಿಲ್ಲ. ಮೇಡಂ ಅದನ್ನು ನೋಡಿ ತರಗತಿಯನ್ನೆಲ್ಲ ಕರೆದರು. ನಾನೂ ಸಾಲಿನಲ್ಲಿ ನಿಂತು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೋಶಗಳ ಇಡೀ ಹಾಸು ಒಮ್ಮೆಗೇ ಬಿಗಿದು ಒಮ್ಮೆಗೇ ಸಡಿಲುತ್ತಿತ್ತು.

"ನನ್ನವ್ಯಾಕೆ ಹಿಂಗೆ?" ಎಂದು ಅವಳನ್ನೇ ಕೇಳಿದೆ.

"ಪರೀಕ್ಷೆ ಹಾಲ್ನಾಗೆ ಕೂಡ್ಸಿದಂಗೆ ಒಂದೊಂದ್ನೂ ದೂರ ದೂರ ಕೂಡ್ಸಿದ್ದೀಯಲ್ಲೇ, ಕಾಪಿ ಹೊಡಿಯಾಕೂ ಆಗ್ದಂಗೆ! ಒತ್ತಾಗಿ ಬಿಡೇ. ಪಾಪ, ಅವು ಯಾರ್ ಜೊತೆ ಮಾತಾಡ್ಬೇಕು?"

ಎಲ್ಲರೂ ನಕ್ಕರು. "ನನ್ ತಟ್ಟೆ, ನನ್ನಿಷ್ಟ" ಎಂದೆ.

ಅವಳು ಹೀಗಂದದ್ದು ಮೇಡಂ ಆರಿಸುವ ಮೊದಲೋ ಆಮೇಲೋ… ಮೊದಲಾದರೆ, ಗೆಲ್ಲುವ ದಾರಿಯನ್ನು ಅವಳೇ ನನ್ನ ಕೈಗಿಟ್ಟಿದ್ದಳು. ಆಮೇಲಾದರೆ, ಅದು ಗೆದ್ದವಳ ತಮಾಷೆ. ನನ್ನ ನೆನಪಿಗೆ ಎರಡನೆಯದೇ ಇಷ್ಟ; ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಜಾಗ ಅವಳಿಗೆ ಸಿಕ್ಕಿತು. ಅಂದು ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ. ಮರುವರ್ಷ ಅವಳಿಗೆ ಒಂದು ಜ್ವರ ಬಂತು, ಕೆಲವೇ ದಿನ… ಅಮ್ಮ ನನಗಿಂತ ಹೆಚ್ಚು ಅತ್ತಳು. ಆಮೇಲೆ ಮೇಡಂ ಆ ಜಾಗಕ್ಕೆ ನನ್ನನ್ನು ಕರೆದರು. ಹೋದೆ. ಅವಳ ಮೇಜಿನಲ್ಲೇ ಕೂತು, ಅವಳು ಹೇಳಿದಂತೆ ಕೋಶಗಳನ್ನು ಒತ್ತಾಗಿ ಬಿಟ್ಟೆ. ತಟ್ಟೆ ತುಂಬ ಒಂದೇ ತಾಳ. ಮೇಡಂ ಬಗ್ಗಿ ನೋಡಿ, "ಥೇಟ್ ಅವಳ ತಟ್ಟೆ ಥರಾನೇ ಇದೆ" ಎಂದರು.

ಮೊನ್ನೆಯ ಬಟ್ಟಲಿನಲ್ಲಿ ಚುಕ್ಕೆ ತಡೆತಡೆದು ಮಿಡಿಯತೊಡಗಿತ್ತು. ತಣ್ಣಗಾಗುತ್ತಿದೆ ಎಂದು ಗೊತ್ತಾಯಿತು. ಅಗಲವಾದ ಪಾತ್ರೆಗೆ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ಬಟ್ಟಲಿಟ್ಟೆ. ಸ್ವಲ್ಪ ಹೊತ್ತಿಗೆ ಮಿಡಿತ ಚುರುಕಾಯಿತು.

"ಅಯ್ಯೋ ಶಿವನೇ, ಜೀವ ಬತ್ತಾ ಐತೆ ನೋಡೇ! ಇದ್ನ ಅವಳೇ ಹೇಳ್ಕೊಟ್ಟಿದ್ಲಾ?"

ಅವಳು ಹೇಳಿಕೊಟ್ಟಿರಲಿಲ್ಲ. ಅವಳು ಹೋದ ಮೇಲೆ ನಾನೇ ಕಲಿತದ್ದು. ಹೇಳಲೆಂದು ತಿರುಗಿದರೆ ಅಮ್ಮನ ಕಣ್ಣು ತುಂಬಿತ್ತು.

"ಹೂಂ, ಅವಳೇ" ಎಂದೆ.

ನೀರು ಆರಿತು. ಚುಕ್ಕೆ ನಿಂತ ಮೇಲೂ ಅಮ್ಮ ಬಟ್ಟಲಿನ ಹತ್ತಿರವೇ ನಿಂತಿದ್ದಳು. ನನಗಾಗಿ ಅಲ್ಲ.