ಅಕ್ಕನ ಕುಡಿತ

ಅಕ್ಕನ ತೋರುಬೆರಳಿನ ತುದಿ ಹೊಲಿಗೆಯ ಸೂಜಿ ಚುಚ್ಚಿಸಿಕೊಂಡು ಒರಟಾಗಿತ್ತು. ಓದುವಾಗ ಆ ಬೆರಳು ಸಾಲಿನಡಿಯಲ್ಲಿ ಸರಸರ ಸದ್ದು ಮಾಡುತ್ತ ಹೋಗುತ್ತಿತ್ತು. ಮದುವೆ ಕಾಗದವಿರಲಿ, ಔಷಧದ ಚೀಟಿಯಿರಲಿ, ತನ್ನ ಹೆಸರಿದ್ದದ್ದನ್ನೆಲ್ಲ ಹಾಗೆ ಬೆರಳಿಟ್ಟು ಓದಿದ ಮೇಲೆಯೇ ಒಪ್ಪುವವಳು. ಮತದಾರರ ಪಟ್ಟಿ ತನ್ನನ್ನು ಗಂಡಸು ಮಾಡಿದ್ದನ್ನು ಕಂಡುಹಿಡಿದವಳೂ ಅವಳೇ. "ಅದು ಎನ್ನ ಸುದ್ದಿ, ಆನು ನೋಡವು" ಎಂದರೆ ತನ್ನ ವಿಷಯ ತಾನೇ ನೋಡಬೇಕು ಎನ್ನುವುದು ಅವಳ ಮಾತು. ಮಲೆನಾಡಿನ ನಂದೊಳ್ಳಿಯ ಅವಳ ಮನೆಗೆ ಹೋದಾಗಲೆಲ್ಲ ನಾವು ಅದನ್ನೇ ಆಡಿಕೊಂಡು ನಗುತ್ತಿದ್ದೆವು.

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಡುತ್ತೇನೆಂದು ಮುಂದೆ ಬಂದದ್ದು ಅಕ್ಕ. ಮನೆಯ ಬೇರೆ ಯಾರದ್ದೂ ಹೊಂದಿರಲಿಲ್ಲ. ಬಯಲುಸೀಮೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತಪಾಸಣೆಯೆಲ್ಲ ಮುಗಿದ ಮೇಲೆ ದಾನಿ ಸೂಕ್ತರಲ್ಲ ಎಂದುಬಿಟ್ಟರು. ಕಾರಣ ಹೇಳಲಿಲ್ಲ. ನಾನು ಹಣೆಬರಹ ಎಂದುಕೊಂಡು ಚೀಲ ಎತ್ತಿದೆ. ಅಕ್ಕ ಏಳಲಿಲ್ಲ. ತನ್ನ ಬಗ್ಗೆ ಏನೇನು ಬರೆದಿದ್ದೀರೋ ಎಲ್ಲ ತೋರಿಸಿ ಎಂದಳು. ಅದು ಗೋಪ್ಯ ದಾಖಲೆ ಎಂದ ಕೌಂಟರಿನ ಗುಮಾಸ್ತ.

"ಯಾರಿಂದ ಗುಟ್ಟು ತಮಾ? ಎನ್ನ ಸುದ್ದಿ ಎನ್ನಿಂದ್ಲೇ ಗುಟ್ಟಾ?"

ದನಿ ಏರಿಸಲಿಲ್ಲ. ನೆಂಟರ ಮನೆಯಲ್ಲಿ ಕೂತಂತೆ ಆರಾಮಾಗಿ ಕೂತಳು. ರೋಗಿ ಕೇಳಿದರೆ ದಾಖಲೆ ಕೊಡಬೇಕೆಂಬ ಬೋರ್ಡು ಪಕ್ಕದ ಗೋಡೆಯಲ್ಲೇ ಇತ್ತು. ಅವಳು ಅದನ್ನೂ ಬೆರಳಿಟ್ಟು ಓದಿ ಮುಗಿಸಿದ್ದಳು. ಗುಮಾಸ್ತ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಕೊನೆಗೆ ಪ್ರಿಂಟ್ ತೆಗೆದುಕೊಟ್ಟ.

ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳುವ ಕೆಲಸ ನನ್ನದಾಯಿತು, ಬೆರಳು ಮಾತ್ರ ಅವಳದೇ. ಒಂದು ಸಾಲನ್ನು ಮಾತ್ರ ಎರಡೆರಡು ಸಲ ಓದಿದೆ. ದಿನಕ್ಕೆ ಎರಡು ಬಾರಿ ಮದ್ಯಪಾನ, ನೆಂಟರು ಬಂದಾಗ ಹೆಚ್ಚು ಎಂದಿತ್ತು.

ಅಕ್ಕ ಮೊದಲು ಕಣ್ಣು ಕಣ್ಣು ಬಿಟ್ಟಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊದಲ ದಿನ ಧಾರವಾಡದ ಕಡೆಯ ನರ್ಸ್ ಒಬ್ಬಳು "ಕುಡಿಯೂದು ಐತೇನ್ರಿ?" ಎಂದು ಕೇಳಿದ್ದಳಂತೆ. ಮನೆಗೆ ಬಂದವರನ್ನು ಕುಡಿಯಲು ಏನು ಬೇಕೆಂದು ಕೇಳಿಯೇ ಮಾತು ಶುರುಮಾಡುವ ಸೀಮೆ ನಮ್ಮದು. ಕಷಾಯ ಎಂಬ ಮಾತನ್ನೇ ಎತ್ತದೆ ಅಕ್ಕ ಖುಷಿಯಿಂದ ಅದರ ಲೆಕ್ಕ ಒಪ್ಪಿಸಿದ್ದಳು.

ನರ್ಸನ್ನು ಕರೆಸಿದರು. ಪಾಪ, ಅವಳ ಮುಖ ಸಣ್ಣದಾಯಿತು. ಅಕ್ಕನೇ ಅವಳ ಬೆನ್ನು ತಟ್ಟಿ ಹೇಳಿದಳು: "ಬರಿ ತಂಗಿ, ಕೊತ್ತುಂಬರಿ ಜೀರಿಗೆ ಕಷಾಯ. ಬೆಲ್ಲ ಹಾಕಿದ್ದು ಹೇಳಿ ಬರಿ."

ವೈದ್ಯರು ಮತ್ತೊಮ್ಮೆ ಪರೀಕ್ಷೆ ಮಾಡಿ ಒಪ್ಪಿದರು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೂ ಎಷ್ಟೋ ವರ್ಷ ಗಟ್ಟಿಯಾಗಿ ಓಡಾಡಿಕೊಂಡಿದ್ದ ಅಕ್ಕ ಕಳೆದ ಮಳೆಗಾಲದಲ್ಲಿ ನಿದ್ದೆಯಲ್ಲೇ ಹೋದಳು. ಅವಳಿಲ್ಲದ್ದು ಇನ್ನೂ ಅಭ್ಯಾಸವಾಗಿಲ್ಲ.

ಈಗ ತಪಾಸಣೆಗೆ ಹೋದಾಗಲೆಲ್ಲ ಕಂಪ್ಯೂಟರನ್ನು ಸ್ವಲ್ಪ ಇತ್ತ ತಿರುಗಿಸಿ ಎನ್ನುತ್ತೇನೆ. ಡಾಕ್ಟರಿಗೂ ರೂಢಿಯಾಗಿದೆ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತೇನೆ. 'ದಾನಿ: ಅಕ್ಕ' ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಲ್ಲಿ ತಿದ್ದುವುದೇನೂ ಇಲ್ಲ.